ಮಡಚಿ ಫೈಲಿನಲ್ಲಿಡುವ ಊರು

1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್‌ನ ಪಡೆಗೂ ಕಾಳಗ ನಡೆಯಿತು. ಮೊದಲನೆಯ ಮೈಸೂರು ಯುದ್ಧದ ಕಾಲ. ವುಡ್ ಸೋಲುವ ಹಂತದಲ್ಲಿದ್ದಾಗ, ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಮರೆಯ ದಾರಿಯಿಂದ ಬಂಡೆಯ ಮೇಲಕ್ಕೆ ಏರಿಸಿ ಗುಂಡು ಹಾರಿಸಿದ. ಜೊತೆಗಿದ್ದವರೆಲ್ಲ ‘ಸ್ಮಿತ್! ಸ್ಮಿತ್!’ ಎಂದು ಕೂಗಿದರು. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂದಿತೆಂದು ಮೈಸೂರಿನವರು ಸ್ವಲ್ಪ ಹಿಂದೆ ಸರಿದರು, ವುಡ್‌ಗೆ ಉಸಿರಾಡಲು ಸಮಯ ಸಿಕ್ಕಿತು.

ಕೋಲಾರ ಜಿಲ್ಲೆಯ ನರಸಾಪುರದಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಕೋಲಾರ, ಅದರಾಚೆ ಮುಳಬಾಗಿಲು. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯದು, ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲಿದೆ. ಇಂಥ ಕಾಳಗವೊಂದನ್ನು ಊಟದ ಮೇಜಿನ ಮೇಲೆ ಮತ್ತೆ ಆಡಿ ನೋಡುವ ಹವ್ಯಾಸಕ್ಕೆ ವಾರ್‌ಗೇಮ್ ಎನ್ನುತ್ತಾರೆ. ಪುಟ್ಟ ಸೈನಿಕರು, ಅಳತೆ ಟೇಪು, ದಾಳ, ಒಂದು ನಿಯಮ ಪುಸ್ತಕ, ಇಷ್ಟೇ ಬಂಡವಾಳ. ಪ್ರಷ್ಯಾದ ಸೈನ್ಯ 1820ರ ದಶಕದಲ್ಲಿ ತನ್ನ ಅಧಿಕಾರಿಗಳ ತರಬೇತಿಗೆ ಇದನ್ನು ಬಳಸಿತು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಬರೆದು ಆಟಿಕೆ ಸೈನಿಕರಿಂದ ಮನೆಯಲ್ಲೇ ಆಡುವ ದಾರಿ ತೋರಿಸಿದ.

ಸೈನಿಕರನ್ನು ಒಂದು ಮಿಠಾಯಿ ಡಬ್ಬಿಯಲ್ಲಿ ತುಂಬಿಡಬಹುದು. ಕಷ್ಟ ಇರುವುದು ಅವರು ಅಡಗಿಕೊಳ್ಳುವ ಮನೆಗಳದ್ದು. ಎಂಟು ಮನೆಯ ಒಂದು ಹಳ್ಳಿ ಕಟ್ಟಿದಿರೋ, ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಬೇಕು. ನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಒಂದೇ ಕೋಣೆಯ ಬಾಡಿಗೆ ಮನೆಗಳೇ ಹೆಚ್ಚು, ಅಟ್ಟದ ಮೇಲೆ ಅಕ್ಕಿ ಮೂಟೆಗೇ ಜಾಗ ಸಾಲದು. ಬೆಂಗಳೂರಿನ ಗೆಳೆಯರ ಜೊತೆ ಆಡಲು ಬಸ್ಸಿನಲ್ಲಿ ಒಯ್ಯುವುದಂತೂ ದೂರದ ಮಾತು. ಆದ್ದರಿಂದ ಮಡಚುವ ಮನೆ. ನಮ್ಮ ಸೀಮೆಯ ಹಳೆಯ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ: ಚೌಕಾಕಾರ, ಚಪ್ಪಟೆ ಮಾಳಿಗೆ, ಸಣ್ಣ ಬಾಗಿಲು, ಇದ್ದರೆ ಒಂದೆರಡು ಬೆಳಕಿಂಡಿ. ಯುರೋಪಿನ ಹವ್ಯಾಸಿಗಳು ಇಳಿಜಾರು ಸೂರು, ಹೊಗೆಗೂಡುಗಳನ್ನೆಲ್ಲ ಮಡಚುವುದು ಹೇಗೆಂದು ಒದ್ದಾಡುತ್ತಾರೆ. ನಮಗೆ ಆ ತಾಪತ್ರಯ ಕಡಿಮೆ.

ಬೋರ್ಡ್ ಕೊಳ್ಳುವಾಗ

ನಿಮಗೆ ಬೇಕಾದದ್ದು 5 ಮಿ.ಮೀ. ದಪ್ಪದ ಫೋಮ್ ಬೋರ್ಡ್. ನಡುವೆ ಹಗುರ ಥರ್ಮಕೋಲ್ ಜಾತಿಯ ನೊರೆ, ಎರಡೂ ಕಡೆ ಗಟ್ಟಿ ಕಾಗದ. ಅಂಗಡಿಯಲ್ಲಿ ‘ಫೋಮ್ ಬೋರ್ಡ್ ಕೊಡಿ’ ಎಂದರೆ ಹಲವು ಸಲ ಕೈಗೆ ಬರುವುದು ಸನ್‌ಬೋರ್ಡ್. ಅದು ಫ್ಲೆಕ್ಸ್ ಅಂಗಡಿಯವರು ನಾಮಫಲಕಕ್ಕೆ ಬಳಸುವ ಪಿವಿಸಿ ಹಲಗೆ. ನೋಡಲು ಎರಡೂ ಬಿಳಿ, ಎರಡೂ ನುಣುಪು. ಅಂಚನ್ನು ಉಗುರಿನಿಂದ ಒತ್ತಿ ನೋಡಿ: ಫೋಮ್ ಬೋರ್ಡಿನ ನಡುಭಾಗ ಸುಲಭವಾಗಿ ತಗ್ಗುತ್ತದೆ, ಕಾಗದದ ಪದರ ಬೇರೆಯಾಗಿ ಕಾಣುತ್ತದೆ. ಸನ್‌ಬೋರ್ಡ್ ಇಡಿಯಾಗಿ ಪ್ಲಾಸ್ಟಿಕ್. ಅದು ಗಟ್ಟಿ ನಿಜ, ಆದರೆ ಅದಕ್ಕೆ ಕಾಗದದ ಸಿಪ್ಪೆ ಇಲ್ಲ. ನಮ್ಮ ಕೆಲಸವೆಲ್ಲ ನಿಂತಿರುವುದು ಆ ಸಿಪ್ಪೆಯ ಮೇಲೆ. ಸನ್‌ಬೋರ್ಡಿನ ತುಂಡುಗಳನ್ನು ಮನೆಯ ಕೆಳಗೆ ಅಂಗಳವಾಗಿ ಹಾಸಲು ಇಟ್ಟುಕೊಳ್ಳಿ.

ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮಾಡೆಲ್ ಮಾಡಲು ಫೋಮ್ ಬೋರ್ಡನ್ನೇ ಬಳಸುವುದರಿಂದ ಅವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲೂ ವಿಚಾರಿಸಿ. ಬರೀ ಥರ್ಮಕೋಲ್ ಹಾಳೆ ಬೇಡವೇ ಬೇಡ, ಮೂರು ಸಲ ಮಡಚುವಷ್ಟರಲ್ಲಿ ಕಾಳು ಕಾಳಾಗಿ ಉದುರುತ್ತದೆ.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಮರಗೆಲಸದ ಬಿಳಿ ಫೆವಿಕಾಲ್ ಸಾಕು, ಬೇರೇನೂ ಬೇಕಿಲ್ಲ. ಫೆವಿಕ್ವಿಕ್, ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು, ಸ್ಪ್ರೇ ಪೇಂಟ್ ಇವೆಲ್ಲ ಒಳಗಿನ ನೊರೆಯನ್ನು ಕರಗಿಸುತ್ತವೆ. ಕಾಗದದ ಮೇಲೆ ಬಿದ್ದಾಗ ಏನೂ ಆಗದಂತೆ ಕಂಡರೂ ಕತ್ತರಿಸಿದ ಅಂಚಿಗೆ ತಗುಲಿದರೆ ಅಲ್ಲೊಂದು ಗುಳಿ. ಉಳಿದಂತೆ ಸ್ನ್ಯಾಪ್ ಬ್ಲೇಡಿನ ಸಣ್ಣ ಕಟರ್, ಸ್ಟೀಲ್ ಸ್ಕೇಲು, ಮೂಲೆಮಟ್ಟ, ಹಳೆಯ ಹತ್ತಿ ಪಂಚೆಯ ತುಂಡು, ಆಕ್ರಿಲಿಕ್ ಬಣ್ಣ. ಬ್ಲೇಡಿನ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡು ನೊರೆಯನ್ನು ಕತ್ತರಿಸುವುದಿಲ್ಲ, ಕಿತ್ತು ಹರಿಯುತ್ತದೆ. ಮಕ್ಕಳು ಜೊತೆಗಿದ್ದರೆ ಅಳತೆ, ಅಂಟು, ಬಣ್ಣ ಅವರಿಗೆ ಬಿಡಿ, ಕತ್ತರಿಸುವುದು ದೊಡ್ಡವರೇ.

ಅಳತೆ

ಹೆಚ್ಚು ಜನ ಬಳಸುವ ಸೈನಿಕನ ಎತ್ತರ 28 ಮಿ.ಮೀ. ಅಂದರೆ ಸುಮಾರು 1:56 ಪ್ರಮಾಣ. ಆ ಲೆಕ್ಕದಲ್ಲಿ ಮೂರು ಮೀಟರ್ ಎತ್ತರದ ಗೋಡೆ ಮೇಜಿನ ಮೇಲೆ 54 ಮಿ.ಮೀ. ಆಟಿಕೆ ಪೆಟ್ಟಿಗೆಗಳಲ್ಲಿ ಬರುವ 1:72ರ ಪ್ಲಾಸ್ಟಿಕ್ ಸೈನಿಕರಾದರೆ ಅದೇ ಗೋಡೆ 42 ಮಿ.ಮೀ. ಎರಡೂ ಇಲ್ಲದವರು ಚಿತ್ರ ಮುದ್ರಿಸಿ ರಟ್ಟಿಗೆ ಅಂಟಿಸಿದ ಕಾಗದದ ಸೈನಿಕರಿಂದಲೂ ಆಡಬಹುದು. ಇಲ್ಲಿ ಕೊಡುವ ಅಳತೆಗಳು 28 ಮಿ.ಮೀ. ಸೈನಿಕರಿಗೆ.

ಮನೆಯ ಒಳ ಅಳತೆ 120 × 90 ಮಿ.ಮೀ., ಗೋಡೆಯ ಎತ್ತರ 65. ಇದರಲ್ಲಿ 50ರವರೆಗೆ ಕೋಣೆ, 5 ಮಾಳಿಗೆಯ ಹಲಗೆ, ಮೇಲಿನ 10 ಪ್ಯಾರಪೆಟ್. ಈ ಅಂಕಿಗಳನ್ನು ಹೀಗೇ ಆರಿಸಿದ್ದಕ್ಕೆ ಕಾರಣವಿದೆ. ನಾಲ್ಕು ಗೋಡೆಗಳನ್ನು ಸಾಲಾಗಿ ಇಟ್ಟರೆ 120, 90, 120, 90 ಸೇರಿ 420. ಎ3 ಹಾಳೆಯ ಉದ್ದ ಸರಿಯಾಗಿ 420 ಮಿ.ಮೀ. ಒಂದು ಪಟ್ಟಿ ಕೊಯ್ದರೆ ಒಂದು ಮನೆಯ ಗೋಡೆ ಪೂರ್ತಿ ಬಂತು. 297 ಮಿ.ಮೀ. ಅಗಲದಲ್ಲಿ 65ರ ಎರಡು ಪಟ್ಟಿ ಗೋಡೆಗೆ, 50ರ ಒಂದು ಪಟ್ಟಿ ಒಳಗಿನ ಆಧಾರಕ್ಕೆ, 89ರ ಒಂದು ಪಟ್ಟಿ ಮಾಳಿಗೆಗೆ ಹೋದರೂ 28 ಮಿ.ಮೀ. ಮಿಗುತ್ತದೆ. ಒಂದು ಎ3 ಬೋರ್ಡಿಗೆ ಎರಡು ಮನೆ.

ಕೀಲು ಒಳಗಿರಲಿ

ಮಡಚುವ ಮನೆಯಲ್ಲಿ ತಿಳಿಯಬೇಕಾದ ಗುಟ್ಟು ಒಂದೇ: ಮೂಲೆಯ ಕೀಲು ಗೋಡೆಯ ಒಳಮೈಯಲ್ಲಿ ಇರಬೇಕು. ಹೊರಗಡೆ ಟೇಪು ಹಚ್ಚಿದರೆ ಚೆಂದ ಕಾಣುತ್ತದೆ, ಆದರೆ ಗೋಡೆ ಒಳಕ್ಕೆ ಬಾಗಲು ಹೊರಟಾಗ ಎರಡು ಬೋರ್ಡುಗಳ ಅಂಚು ಒಂದಕ್ಕೊಂದು ತಡೆಯಾಗುತ್ತವೆ. ಕೀಲು ಒಳಗಿದ್ದರೆ ಅದೇ ಮೂಲೆ ಪೂರ್ತಿ ಮುಚ್ಚಿಕೊಳ್ಳಲೂಬಹುದು, ನೇರ ಗೆರೆಯಾಗಿ ಬಿಚ್ಚಿಕೊಳ್ಳಲೂಬಹುದು. ಎದುರುಬದುರು ಗೋಡೆಗಳು ಸಮವಾಗಿದ್ದರೆ ಇಡೀ ಪೆಟ್ಟಿಗೆಯನ್ನು ಒಂದು ಕಡೆಗೆ ತಳ್ಳಿ ಮಲಗಿಸಬಹುದು. ಆಗ ಎರಡು ಮೂಲೆ ಮುಚ್ಚುತ್ತವೆ, ಎರಡು ಬಿಚ್ಚಿ ನೇರವಾಗುತ್ತವೆ. ದಪ್ಪ ಎರಡು ಬೋರ್ಡಿನಷ್ಟು, ಅಂದರೆ ಒಂದು ಸೆಂಟಿಮೀಟರ್.

ಈಗ ಕೈಗೆ ಕೆಲಸ. 420 × 65ರ ಪಟ್ಟಿಯನ್ನು ಹೊರಮೈ ಮೇಲಾಗಿ ಹಾಸಿ. ಬಾಗಿಲು, ಬೆಳಕಿಂಡಿಗಳನ್ನು ಮೊದಲೇ ಕತ್ತರಿಸಿಬಿಡಿ, ಆಮೇಲೆ ಕೈ ಆಡುವುದಿಲ್ಲ. ಬಾಗಿಲಿಗೆ 18 ಅಗಲ, 32 ಎತ್ತರ ಸಾಕು. ಹಳೆಯ ಮನೆಗಳಲ್ಲಿ ತಲೆ ತಗ್ಗಿಸದೆ ಒಳಗೆ ಹೋಗುವ ಬಾಗಿಲು ಎಲ್ಲಿತ್ತು? ಯಾವ ತುಂಡನ್ನೂ ಒಂದೇ ಏಟಿಗೆ ಕೊಯ್ಯಬೇಡಿ. ಮೊದಲ ಸಲ ಮೇಲಿನ ಕಾಗದ, ಎರಡನೆಯ ಸಲ ನೊರೆ, ಮೂರನೆಯ ಸಲ ಕೆಳಗಿನ ಕಾಗದ.

ಪಟ್ಟಿಯ ಒಂದು ತುದಿಯಿಂದ 120, 210, 330 ಮಿ.ಮೀ. ದೂರದಲ್ಲಿ ಮೂಲೆಮಟ್ಟ ಇಟ್ಟು ಗೆರೆ ಎಳೆಯಿರಿ. ಈ ಮೂರು ಗೆರೆಗಳಲ್ಲಿ ಮೇಲಿನ ಕಾಗದ ಮತ್ತು ನೊರೆಯನ್ನು ಮಾತ್ರ ಕತ್ತರಿಸಿ, ಕೆಳಗಿನ ಕಾಗದ ಉಳಿಸಿ. ಉಳಿದ ಕಾಗದವೇ ಕೀಲು. ಎಷ್ಟು ಒತ್ತಬೇಕೆಂಬುದು ಕೈಗೆ ತಿಳಿಯಲು ರದ್ದಿ ತುಂಡಿನ ಮೇಲೆ ಒಂದೆರಡು ಗೆರೆ ಹಾಕಿ ನೋಡಿ. ಅಪ್ಪಿತಪ್ಪಿ ಕೆಳಗಿನ ಕಾಗದವೂ ಹರಿದರೆ ಗೋಳಾಡಬೇಕಿಲ್ಲ, ಹೇಗೂ ಅದರ ಮೇಲೆ ಬಟ್ಟೆ ಬರುತ್ತದೆ.

ಪಟ್ಟಿಯನ್ನು ತಿರುಗಿಸಿ ಒಳಮೈ ಮೇಲೆ ಮಾಡಿ. ಪಂಚೆಯಿಂದ 25 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ತೆಳುವಾಗಿ ಫೆವಿಕಾಲ್ ಸವರಿ ಮೂರು ಗೆರೆಗಳ ಮೇಲೂ ಅಂಟಿಸಿ. ಸೆಲ್ಲೋಟೇಪ್ ಬೇಗ ಆಗುತ್ತದೆ ನಿಜ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಅದರ ಅಂಟು ಜಿನುಗಿ, ಹಳದಿಯಾಗಿ, ಕೊನೆಗೆ ಕಳಚಿಕೊಳ್ಳುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲದು. ಲೆಕ್ಕದ ಪುಸ್ತಕದ ಬೆನ್ನಿಗೆ ಬೈಂಡರು ಬಟ್ಟೆ ಹಾಕುವುದು ಸುಮ್ಮನೆ ಅಲ್ಲ. ಒಣಗಿದ ಮೇಲೆ ಪಟ್ಟಿಯನ್ನು ಚೌಕವಾಗಿ ಬಗ್ಗಿಸಿ, ಉಳಿದ ನಾಲ್ಕನೆಯ ಮೂಲೆಯನ್ನು ಹೊರಗಿನಿಂದ ಮಾಸ್ಕಿಂಗ್ ಟೇಪಿನಲ್ಲಿ ತಾತ್ಕಾಲಿಕವಾಗಿ ಹಿಡಿಸಿ, ಒಳಗಿನಿಂದ ಬಟ್ಟೆ ಕೂರಿಸಿ ಸ್ಕೇಲಿನ ಅಂಚಿನಿಂದ ಒತ್ತಿ. ಒಣಗಿದ ಮೇಲೆ ಹೊರಗಿನ ಟೇಪು ಕಿತ್ತು ಹಾಕಿ.

ಹೀಗೆ ಮಾಡಿದಾಗ ಪ್ರತಿ ಹೊರಮೂಲೆಯಲ್ಲೂ 5 ಮಿ.ಮೀ. ಚೌಕದ ಒಂದು ಕಚ್ಚು ಉಳಿಯುತ್ತದೆ. ಮನೆಯನ್ನು ಯಾವ ಕಡೆಗೆ ಮಲಗಿಸುತ್ತೀರಿ ಎಂದು ನಿರ್ಧರಿಸಿ, ಮುಚ್ಚಿಕೊಳ್ಳುವ ಎರಡು ಮೂಲೆಗಳಿಗೆ ಗುರುತು ಹಾಕಿ. ಅಲ್ಲಿ 5 ಮಿ.ಮೀ. ಅಗಲದ ಬೋರ್ಡಿನ ಸೀಳನ್ನು ಒಂದು ಗೋಡೆಯ ಅಂಚಿಗೆ ಮಾತ್ರ ಅಂಟಿಸಿ. ಎರಡು ಗೋಡೆಗೂ ಅಂಟಿಸಿದರೆ ಮನೆ ಮಡಚುವುದಿಲ್ಲ. ಬಿಚ್ಚಿಕೊಳ್ಳುವ ಉಳಿದ ಎರಡು ಮೂಲೆಗಳಿಗೆ ಏನನ್ನೂ ಅಂಟಿಸುವಂತಿಲ್ಲ. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಉದ್ದಕ್ಕೆ ಮೂಲೆಯಾಗಿ ಮಡಚಿ, ಮೇಲ್ತುದಿಯನ್ನು ಪ್ಯಾರಪೆಟ್ಟಿನ ಮೇಲಿಂದ ಒಳಕ್ಕೆ ಕೊಂಡಿ ಹಾಕಿ. ಆಟ ಮುಗಿದ ಮೇಲೆ ತೆಗೆದಿಟ್ಟರಾಯಿತು. ಮೂರಡಿ ದೂರದಿಂದ ನೋಡುವ ಆಟಗಾರನಿಗೆ ಆ ಕಚ್ಚು ಕಾಣುವುದೇ ಇಲ್ಲ ಎಂದು ಬಿಟ್ಟುಬಿಡುವವರೂ ಇದ್ದಾರೆ. ನನ್ನ ಮತವೂ ಹೆಚ್ಚುಕಡಿಮೆ ಅದೇ.

ಗೋಡೆಗಳನ್ನು ಚೌಕದಲ್ಲಿ ನಿಲ್ಲಿಸಿ ಮಾಳಿಗೆ ಹೊರುವುದಕ್ಕೆ ಒಳಗೊಂದು ಅಡ್ಡಪಟ್ಟಿ ಬೇಕು. 119 × 50 ಮತ್ತು 89 × 50ರ ಎರಡು ತುಂಡು ತೆಗೆದುಕೊಳ್ಳಿ. ಎರಡರ ನಡುಮಧ್ಯೆ 5 ಮಿ.ಮೀ. ಅಗಲ, 25 ಮಿ.ಮೀ. ಆಳದ ಕಚ್ಚು ಕೊಯ್ಯಿರಿ, ಒಂದಕ್ಕೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ. ಒಂದರೊಳಗೊಂದು ಸಿಕ್ಕಿಸಿದರೆ ಕೂಡಿಸುವ ಚಿಹ್ನೆಯ ಆಕಾರ. ಇದನ್ನು ಮನೆಯೊಳಗೆ ಇಳಿಸಿದರೆ ಗೋಡೆಗಳು ಸೊಟ್ಟಗಾಗದೆ ನಿಲ್ಲುತ್ತವೆ, ಮೇಲೆ 119 × 89ರ ಮಾಳಿಗೆ ಹಲಗೆ ಸಲೀಸಾಗಿ ಕೂರುತ್ತದೆ. ಒಂದು ಮಿ.ಮೀ. ಕಡಿಮೆ ಇಟ್ಟದ್ದು ಬಣ್ಣದ ದಪ್ಪಕ್ಕಾಗಿ. ಗೋಡೆಯ ಒಳಗೆ ಅಟ್ಟಣೆಯಂತೆ ಪಟ್ಟಿ ಅಂಟಿಸಿ ಮಾಳಿಗೆ ಕೂರಿಸುವ ಆಸೆ ಬಿಡಿ. ಆ ಪಟ್ಟಿಯ ದಪ್ಪದಿಂದಾಗಿ ಗೋಡೆಗಳು ಒಂದರ ಮೇಲೊಂದು ಮಲಗುವುದೇ ಇಲ್ಲ. ಅಡ್ಡಪಟ್ಟಿಯಿಂದ ಒಂದು ತೊಡಕಿದೆ, ಮನೆಯೊಳಗೆ ಸೈನಿಕರನ್ನು ನಿಲ್ಲಿಸಲು ಜಾಗ ಕಮ್ಮಿ. ಅವರನ್ನು ಮಾಳಿಗೆಗೆ ಹತ್ತಿಸಿ. ಪ್ಯಾರಪೆಟ್ಟಿನ ಮರೆಯಿಂದ ಕೋವಿ ಹಾರಿಸುವುದೇ ಅಲ್ಲಿನ ನಿಜವಾದ ಅನುಕೂಲ.

ಹೆಂಚಿನ ಮನೆ, ಬುರುಜು

ಎಲ್ಲವೂ ಮಾಳಿಗೆಯಾದರೆ ಊರು ಬೋಳು. ಒಂದೆರಡು ಹೆಂಚಿನ ಮನೆ ಸೇರಿಸುವುದಾದರೆ ಅಡ್ಡಗೋಡೆಗಳನ್ನು ಮೇಲೆ ತ್ರಿಕೋನವಾಗಿ ಬಿಡಿ, ನಡುವೆ 30 ಮಿ.ಮೀ. ಏರಿಕೆ ಇರಲಿ. ಸೂರಿಗೆ ಪ್ರತಿ ಇಳಿಜಾರೂ 66 ಮಿ.ಮೀ. ಇರುವಂತೆ ಒಂದೇ ತುಂಡು ತೆಗೆದು, ನಡುಗೆರೆಯಲ್ಲಿ ಒಳಮೈ ಕಡೆಯಿಂದ ಎರಡೂ ಬದಿಗೆ ಸುಮಾರು 34 ಡಿಗ್ರಿ ಓರೆಯಾಗಿ ನೊರೆ ಕೆತ್ತಿ ತೆಗೆಯಿರಿ, ಹೊರಗಿನ ಕಾಗದ ಉಳಿಯಬೇಕು. ಸೂರಿನಲ್ಲಿ ಕೀಲು ಹೊರಗೆ, ಗೋಡೆಯಲ್ಲಿ ಒಳಗೆ. ಉದ್ದ ಗೋಡೆಗಳನ್ನು 4 ಮಿ.ಮೀ. ತಗ್ಗಿಸಲು ಮರೆಯಬೇಡಿ, ಇಲ್ಲದಿದ್ದರೆ ಸೂರು ಗೋಡೆಯ ಹೊರ ಅಂಚಿಗೆ ತಗುಲಿ ಎದ್ದು ನಿಲ್ಲುತ್ತದೆ. ಸುಕ್ಕು ರಟ್ಟಿನ ಪೆಟ್ಟಿಗೆಯ ಒಂದು ಪದರ ನೆನೆಸಿ ಸುಲಿದರೆ ಒಳಗಿನ ಅಲೆಗಳೇ ನಾಡಹೆಂಚಿನ ಸಾಲು. ಮಂಗಳೂರು ಹೆಂಚು ಬೇಡ: ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1860ರ ದಶಕದಲ್ಲಿ, ಹೈದರಾಲಿಯ ಕಾಳಗವಾಗಿ ಸುಮಾರು ನೂರು ವರ್ಷಕ್ಕೆ.

ದುಂಡು ಬುರುಜಿಗೆ ಬೋರ್ಡಿನ ಒಳಮೈ ಕಾಗದವನ್ನು ಪೂರ್ತಿ ಸುಲಿದು, ನೊರೆಯಲ್ಲಿ 10 ಮಿ.ಮೀ.ಗೊಂದರಂತೆ ಗೀರು ಹಾಕಿ ಸುತ್ತಿ. ತುದಿಗಳಿಗೆ ವೆಲ್ಕ್ರೋ ತುಂಡು ಅಂಟಿಸಿದರೆ ಬೇಕಾದಾಗ ಬುರುಜು, ಬೇಡದಾಗ ಹಲಗೆ.

ಬಣ್ಣ

ಫೋಮ್ ಬೋರ್ಡಿನ ಒಂದೇ ಮುಖಕ್ಕೆ ಬಣ್ಣ ಬಳಿದರೆ ಒಣಗುವಾಗ ಕಾಗದ ಎಳೆದು ಹಪ್ಪಳದಂತೆ ಸುರುಟುತ್ತದೆ. ಒಳಮೈಗೂ ಒಂದು ತೆಳು ಕೋಟು ಕೊಡಿ, ಅರೆ ಒಣಗಿದಾಗ ಮಡಚಿ, ಅಂಟಿಕೊಳ್ಳದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಭಾರದ ಪುಸ್ತಕದ ಕೆಳಗೆ ರಾತ್ರಿಯಿಡೀ ಬಿಡಿ.

ಮಣ್ಣಿನ ಗೋಡೆಗೆ ಕೋಲಾರದ ಕೆಮ್ಮಣ್ಣಿಗಿಂತ ಒಳ್ಳೆಯ ಬಣ್ಣ ಯಾವ ಅಂಗಡಿಯಲ್ಲೂ ಇಲ್ಲ. ಹೊಲದ ಮಣ್ಣನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ಬ್ರಷ್‌ನಿಂದ ಬಳಿಯಿರಿ. ಬಣ್ಣವೂ ಬಂತು, ಗಾರೆಯ ತರಿಯೂ ಬಂತು. ಕೀಲಿನ ಗೆರೆಯ ಮೇಲೆ ಮಾತ್ರ ಇದು ಬೇಡ, ಮಡಚಿದಾಗ ಬಿರುಕು ಬಿಟ್ಟು ಉದುರುತ್ತದೆ. ಕೆಲವು ಮನೆಗೆ ಮೇಲಿನ ಅರ್ಧ ಸುಣ್ಣದ ಬಿಳಿ, ಕೆಳಗೆ ಕಾವಿಯ ಪಟ್ಟಿ ಹಾಕಿ. ಮಾಳಿಗೆಗೆ ಬೂದು ಮಣ್ಣು. ಕತ್ತರಿಸಿದ ಅಂಚುಗಳಲ್ಲಿ ನೊರೆ ಬಿಳಿಯಾಗಿ ಇಣುಕಿದರೆ ಇಡೀ ಮನೆಯ ಬಣ್ಣ ವ್ಯರ್ಥ, ಅಲ್ಲಿಗೆ ಎರಡು ಕೋಟು ಬೇಕು. ಕಿಟಕಿಯ ಸರಳು, ಬಾಗಿಲ ಚಿಲಕ ಕೆತ್ತುತ್ತಾ ಕೂತರೆ ಒಂದು ಮನೆಗೆ ಒಂದು ತಿಂಗಳಾದೀತು. ಒಂದು ಕರೀ ಗೆರೆ ಎಳೆದು ಮುಂದಿನ ಮನೆಗೆ ಹೋಗಿ.

ಮುಳಬಾಗಿಲಿನ ಆಟಕ್ಕೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು ಸಾಕು. ಒಂದು ಮೂಲೆಯಲ್ಲಿ ಐದಾರು ಮನೆಯ ಪೇಟೆ, ಒಂದು ಬುರುಜು, ಮಿಕ್ಕ ಕಡೆಯೆಲ್ಲ ಗುಂಡುಗಲ್ಲು. ಕಲ್ಲಿಗೆ ಟಿವಿ, ಫ್ರಿಜ್ಜಿನ ಪೆಟ್ಟಿಗೆಯೊಳಗಿನ ಥರ್ಮಕೋಲನ್ನು ಮುರಿದು ಅಂಚು ದುಂಡಗೆ ಮಾಡಿ. ಕಾರ್ಖಾನೆಗಳ ಪ್ಯಾಕಿಂಗಿನಲ್ಲಿ ಬರುವ ಮೆತ್ತನೆಯ, ಬಗ್ಗುವ ಬಿಳಿ ಫೋಮು ಪಾಲಿಥಿನ್ ಜಾತಿಯದು. ಅದಕ್ಕೆ ಫೆವಿಕಾಲೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ, ಪುಕ್ಕಟೆ ಸಿಕ್ಕರೂ ಬೇಡ. ಕ್ಯಾಪ್ಟನ್ ಬ್ರೂಕ್‌ನ ಎರಡು ಫಿರಂಗಿಗೆ ಒಂದು ಚಪ್ಪಟೆ ಬಂಡೆ ಕಾದಿರಿಸಿ. ಕೂಗಿನ ತಂತ್ರಕ್ಕೆ ಒಂದು ದಾಳದ ನಿಯಮ ನೀವೇ ಬರೆದುಕೊಳ್ಳಬಹುದು: ಬಂಡೆ ಏರಿದ ಮೇಲೆ ಐದು ಅಥವಾ ಆರು ಬಿದ್ದರೆ ಹೈದರಾಲಿಯ ಕಡೆಯವರು ಒಂದು ಸರದಿ ಹಿಂದೆ ಸರಿಯಬೇಕು. ಯುದ್ಧದಾಟ ಮನೆಯವರಿಗೆ ಹಿಡಿಸದಿದ್ದರೆ ಇದೇ ಮನೆಗಳು ದಸರೆಯಲ್ಲಿ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನ ಹಳ್ಳಿಯಾಗುತ್ತವೆ.

ಮಡಚಿದ ಮನೆ ಸುಮಾರು 220 ಮಿ.ಮೀ. ಉದ್ದ, 65 ಅಗಲ. ಮಾಳಿಗೆ, ಅಡ್ಡಪಟ್ಟಿ, ಮೂಲೆರಟ್ಟು ಸಮೇತ ಎ4 ಕಾಗದಕ್ಕಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಬಟನ್ ಫೈಲಿನಲ್ಲಿ ಹಿಡಿಸುತ್ತದೆ. ಪ್ರತಿ ಮನೆಯ ಎಲ್ಲ ತುಂಡುಗಳ ಹಿಂದೆ ಒಂದೇ ಅಂಕಿ ಬರೆದಿಡಿ, ಇಲ್ಲದಿದ್ದರೆ ಯಾವ ಮಾಳಿಗೆ ಯಾವ ಮನೆಯದೆಂದು ಹುಡುಕುವುದರಲ್ಲೇ ಭಾನುವಾರ ಕಳೆಯುತ್ತದೆ. ಫೈಲುಗಳನ್ನು ನಿಲ್ಲಿಸಿಡಿ, ಮೇಲೆ ಭಾರ ಹೇರಬೇಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಟ್ರಂಕಿನಲ್ಲಿ ಇಡುವವರು ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನು ಮೊದಲು ಹೊರತೆಗೆಯಿರಿ. ಅದರ ನ್ಯಾಫ್ತಲೀನ್ ಆವಿಗೆ ಫೋಮ್ ಬೋರ್ಡಿನ ನೊರೆ ಮೆತ್ತಗಾಗಿ ಹಾಳಾಗುತ್ತದೆ.